ತಲೆಭಾರದ ಬಾಸ್

೨೦೨೪ರ ಮಾರ್ಚ್ ೯, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಫಿಸಿಯೋಥೆರಪಿಸ್ಟ್ ನನ್ನ ಎಡಗೈಯನ್ನು ಪಕ್ಕದಿಂದ ಮೇಲೆತ್ತಿಸಿ, ಹೆಗಲಿನ ಹತ್ತಿರ ಪ್ಲಾಸ್ಟಿಕ್ ಕೋನಮಾಪಕ ಹಿಡಿದು, "ನೂರ ಹನ್ನೆರಡು" ಎಂದಳು. ಸರಿಯಾಗಿರುವ ತೋಳು ನೂರ ಎಂಬತ್ತು ಡಿಗ್ರಿಯವರೆಗೆ ಹೋಗುತ್ತದೆ, ಅಂದರೆ ಕಿವಿಗೆ ತಾಗಿ ನೆಟ್ಟಗೆ ನಿಲ್ಲುತ್ತದೆ. ನನ್ನದು ಬಸ್ಸಿನ ಕಂಬಿ ಹಿಡಿಯಲು ಹೊರಟು ಅರ್ಧಕ್ಕೇ ಮನಸ್ಸು ಬದಲಾಯಿಸಿದ ಹಾಗೆ ನಿಂತಿತ್ತು.

"ಹೆಗಲಿಗೆ ಏನಾದ್ರೂ ಹಾಕ್ಕೋತೀರಾ ಮೇಡಂ? ಭಾರದ ಬ್ಯಾಗು, ಅಂಥದ್ದು?"

"ಬಾಸ್ ಗಿಟಾರ್."

ಅವಳು ನನ್ನ ನರೆಗೂದಲನ್ನೊಮ್ಮೆ, ಚೀಟಿಯಲ್ಲಿದ್ದ ವಯಸ್ಸನ್ನೊಮ್ಮೆ ನೋಡಿದಳು. "ನೀವಾ?"

"ನಾನೇ. ಪ್ರತಿ ಭಾನುವಾರ, ಇಪ್ಪತ್ತು ವರ್ಷದಿಂದ."

"ಎಷ್ಟು ತೂಕ ಅದು?"

ಔಷಧ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಮಾತ್ರೆಗಳನ್ನು ಮಿಲಿಗ್ರಾಂ ಲೆಕ್ಕದಲ್ಲಿ ತೂಗುವುದೇ ನನ್ನ ಕೆಲಸ. ಆದ್ದರಿಂದ ಯೋಚಿಸಬೇಕಾಗಲಿಲ್ಲ. "ನಾಲ್ಕು ಕಿಲೋ ಎಂಟುನೂರು ಗ್ರಾಂ."

ಅವಳು ತೀರ್ಪು ಕೊಟ್ಟಳು. ಮೂರೂವರೆ ಕಿಲೋಗಿಂತ ಹೆಚ್ಚಿನದು ಹೆಗಲಿಗೇರಕೂಡದು. ಕೂತು ನುಡಿಸಿದರೆ ಅದು ತೊಡೆಯಿಂದ ಜಾರುತ್ತದೆ, ನಾನು ಭುಜ ಎತ್ತಿ ತಡೆಯುತ್ತೇನೆ, ಹಾಗಾಗಿ ಅದೂ ಬೇಡ. ಆರು ವಾರ ಬಿಟ್ಟು ಮತ್ತೆ ಅಳೆಯುವುದು. ನೂರ ಹನ್ನೆರಡಕ್ಕಿಂತ ಕೆಳಗಿಳಿದಿದ್ದರೆ ಬಾಸ್ ಬಿಡುವುದು.

"ಬಿಡೋದು ಅಂದ್ರೆ?"

"ಬಿಡೋದು ಅಂದ್ರೆ ಬಿಡೋದು ಮೇಡಂ. ಕೊಳಲು ಕಲೀರಿ."

ನಮ್ಮ ವಾದ್ಯತಂಡದಲ್ಲಿ ಇರುವವರು ಮೂವರು. ಡ್ರಮ್ಸ್ ನಮ್ಮ ಮನೆಯವರದು. ಅವರು ದಂತವೈದ್ಯರು. ಭಾನುವಾರ ಅವರ ಕ್ಲಿನಿಕ್ಕಿಗೆ ರಜೆ, ಆ ದಿನ ರೋಗಿಗಳು ಕಾಯುವ ಕೋಣೆಯ ಕುರ್ಚಿಗಳನ್ನು ಗೋಡೆಗೆ ಸರಿಸಿ ನುಡಿಸುತ್ತೇವೆ. ಗಿಟಾರ್ ನನ್ನ ತಮ್ಮನದು. ಅವನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾನೆ. ಬಾಸ್ ನನ್ನದು. ನಾಲ್ಕು ದಪ್ಪ ತಂತಿ, ಉದ್ದ ಕತ್ತು, ತಗ್ಗಿನ ದನಿ. ಇದ್ದಾಗ ಯಾರಿಗೂ ಕೇಳಿಸುವುದಿಲ್ಲ. ಇಲ್ಲದಾಗ ಮಾತ್ರ ಹಾಡು ಯಾಕೋ ಸೊರಗಿದೆ ಅನ್ನುತ್ತಾರೆ. ನನ್ನ ಸ್ವಭಾವಕ್ಕೆ ಒಪ್ಪುವ ವಾದ್ಯ.

ಸುದ್ದಿ ಕೇಳಿ ಇಬ್ಬರಿಗೂ ದುಃಖವಾಗಬೇಕಿತ್ತು. ಆಯಿತು ಕೂಡ, ಸುಮಾರು ಅರ್ಧ ನಿಮಿಷ. ಆಮೇಲೆ ಇಬ್ಬರ ಮುಖವೂ ಅರಳಿತು. ಒಂದು ಬಾಸ್ ಕೊಳ್ಳುವುದಕ್ಕೆ ವೈದ್ಯಕೀಯ ಕಾರಣ ಸಿಕ್ಕಿತ್ತಲ್ಲ!

ನನ್ನ ತಮ್ಮನ ಹತ್ತಿರ ಆಗಲೇ ಮೂರು ಬಾಸ್ ಇವೆ, ಮೂರೂ ಹಳೆಯವು, ನನ್ನದರಷ್ಟೇ ಭಾರದವು. ಒಂದನ್ನೂ ನುಡಿಸುವುದಿಲ್ಲ. ಮಂಚದ ಕೆಳಗಿನಿಂದ ತಿಂಗಳಿಗೊಮ್ಮೆ ತೆಗೆದು ಒರೆಸುತ್ತಾನೆ. ಅಂದು ರಾತ್ರಿಯ ಊಟಕ್ಕೆ ಅವನು ನಮ್ಮಲ್ಲಿಗೇ ಬಂದ, ತಟ್ಟೆಯ ಪಕ್ಕದಲ್ಲಿ ಫೋನು ನಿಲ್ಲಿಸಿಕೊಂಡ.

"ಭಾವ, ಇಲ್ಲಿ ನೋಡಿ. ಹಿಂದೆ ಬಣ್ಣ ಪೂರ್ತಿ ಕಿತ್ತು ಹೋಗಿದೆ. ಎಂಥಾ ಬಾಸ್ ಇರಬೇಕು!"

"ಬಣ್ಣ ಹೋಗಿದ್ದು ಒಳ್ಳೇದೇನೋ?" ಎಂದೆ.

"ಯಾರೋ ಇಪ್ಪತ್ತು ವರ್ಷ ಹೊಟ್ಟೆಗೆ ಒತ್ತಿ ನುಡಿಸಿದ್ದಾರೆ ಅಂತ ಅರ್ಥ ಅಕ್ಕ. ಅದಕ್ಕೇ ಬೆಲೆ."

"ಅಂದ್ರೆ ಯಾರದೋ ಬೆವರಿಗೆ ನಾವು ದುಡ್ಡು ಕೊಡಬೇಕು."

"ಕತ್ತು ನೆಟ್ಟಗಿದ್ಯಾ ಕೇಳು," ಎಂದರು ಇವರು.

"ಕತ್ತು ನೆಟ್ಟಗಿದ್ಯಂತೆ. ಅದರ ಮೇಲಿನ ಲೋಹದ ಫ್ರೆಟ್ ಸವೆದಿದ್ಯಂತೆ."

"ಸವೆದಿದ್ರೆ ಕ್ಯಾಪ್ ಹಾಕ್ಬಹುದು."

"ರೀ, ಅದು ಹಲ್ಲಲ್ಲ," ಎಂದೆ.

"ಎಲ್ಲಾ ಒಂದೇ ಕಣೇ. ಸಾಲಾಗಿರುತ್ತೆ, ಸವೆಯುತ್ತೆ, ಯಾರೂ ಸರಿಯಾಗಿ ಉಜ್ಜಲ್ಲ."

ಮೂರನೆಯ ವಾರ ಬೇಕಾದದ್ದು ಸಿಕ್ಕಿತು. ಒಬ್ಬರು ಬೇಕರಿ ಮಾಲೀಕರು ಹರೆಯದಲ್ಲಿ ನುಡಿಸುತ್ತಿದ್ದ ಬಾಸ್, ತೆಳ್ಳಗಿನ ಒಡಲು, ಹಗುರ ಮರ. ಆ ದಿನ ನನಗೆ ಕಾರ್ಖಾನೆಯಲ್ಲಿ ಪಾಳಿ. "ನೀನು ಬರೋದೇ ಬೇಡ, ಪರೀಕ್ಷೆ ನಮಗೆ ಬಿಡು," ಎಂದು ಹೊರಟವರು ಜೊತೆಗೆ ಒಯ್ದದ್ದು ಉಕ್ಕಿನ ಅಳತೆಪಟ್ಟಿ, ಮಲ್ಟಿಮೀಟರ್, ಹಲ್ಲು ನೋಡುವ ಪುಟ್ಟ ಕನ್ನಡಿ, ತಲೆಗೆ ಕಟ್ಟುವ ದೀಪ. ಮುಂದಿನದನ್ನೆಲ್ಲ ಬೇಕರಿಯವರೇ ಆಮೇಲೆ ನನಗೆ ಫೋನಿನಲ್ಲಿ ಹೇಳಿ ನಕ್ಕರು.

ಬಾಸನ್ನು ಹಿಟ್ಟಿನ ಚೀಲಗಳ ಮೇಲೆ ಮಲಗಿಸಿದರಂತೆ. ತಮ್ಮ ಕತ್ತಿನ ಉದ್ದಕ್ಕೂ ಪಟ್ಟಿ ಇಟ್ಟು ಒಂದು ಕಣ್ಣು ಮುಚ್ಚಿದನಂತೆ. ಇವರು ತಂತಿಯ ಕೆಳಗೆ ಕನ್ನಡಿ ತೂರಿಸಿ "ಹ್ಞೂಂ" ಎಂದರಂತೆ. ಗುಂಡಿ ತಿರುಗಿಸಿದಾಗ ಬಂದ ಗರಗರ ಸದ್ದಿಗೆ ಇಬ್ಬರೂ ಖುಷಿಯಿಂದ ತಲೆಯಾಡಿಸಿದರಂತೆ, ಮನೆಗೆ ಹೋಗಿ ಬಿಚ್ಚಬಹುದಲ್ಲ ಎಂದು. ಕಡೆಗೆ ಹಿಟ್ಟು ತೂಗುವ ತಕ್ಕಡಿಯ ಮೇಲೇ ಇಟ್ಟರು. ಮೂರು ಕಿಲೋ ಇನ್ನೂರ ನಲವತ್ತು ಗ್ರಾಂ.

"ಸ್ವಾಮಿ, ಕೊಳ್ಳೋಕೆ ಬಂದಿದ್ದೀರೋ, ಪೋಸ್ಟ್‌ಮಾರ್ಟಂ ಮಾಡೋಕೆ ಬಂದಿದ್ದೀರೋ?" ಎಂದು ಬೇಕರಿಯವರು ಕೇಳಿದ್ದಕ್ಕೆ ನನ್ನ ತಮ್ಮ, "ಎಲ್ಲಾ ಅಳೆದಾಯ್ತು ಸರ್. ಇನ್ನು ಅನುಮಾನಕ್ಕೆ ಜಾಗ ಇಲ್ಲ," ಎಂದನಂತೆ.

ಸಂಜೆ ನಾನು ಬರುವಷ್ಟರಲ್ಲಿ ಕಾಯುವ ಕೋಣೆಯ ನಡುವೆ ಅದನ್ನು ನಿಲ್ಲಿಸಿ ಇಬ್ಬರೂ ಅಕ್ಕಪಕ್ಕ ನಿಂತಿದ್ದರು. ಪಟ್ಟಿ ಸಿಕ್ಕಿಸಿ ಹೆಗಲಿಗೆ ಹಾಕಿಕೊಂಡೆ. ನಿಜಕ್ಕೂ ಹಗುರ. ಸೀರೆಯ ಸೆರಗು ಸರಿಮಾಡಿಕೊಳ್ಳಲು ಎರಡೂ ಕೈ ಬಿಟ್ಟೆ, ಅಷ್ಟೆ. ಬಾಸಿನ ಕತ್ತು ನೆಲದ ಕಡೆಗೆ ಧಡಕ್ಕನೆ ಬಾಗಿ, ತುದಿ ಪತ್ರಿಕೆಗಳ ಸ್ಟೂಲಿಗೆ ಬಡಿಯಿತು.

ಮತ್ತೆ ಎತ್ತಿ ಹಿಡಿದೆ. ಬಿಟ್ಟೆ. ಮತ್ತೆ ಬಾಗಿತು.

"ಇದನ್ನ ನಿಂತು ನುಡಿಸಿ ನೋಡಿದ್ರಾ?"

ತಮ್ಮ ಬಗ್ಗಿ, ಸ್ಟೂಲಿನಿಂದ ಬಿದ್ದ ಪತ್ರಿಕೆಗಳನ್ನು ಎತ್ತಿಡತೊಡಗಿದ.

"ಅವರ ಹತ್ರ ಹೆಗಲಿಗೆ ಹಾಕೋ ಪಟ್ಟಿ ಇರಲಿಲ್ಲ ಅಕ್ಕ."

"ಚೀಲದ ಮೇಲೆ ಮಲಗಿಸಿದ್ದು ಎಲ್ಲಿಗೆ ಬಾಗುತ್ತೋ! ಸನ್ನೆಕೋಲಿನ ಪಾಠ ಯಾವ ತಿಂಗಳು ಮಾಡ್ತೀಯಾ ನೀನು?"

"ಜುಲೈನಲ್ಲಿ," ಎಂದ ಮೆಲ್ಲಗೆ.

ವಿಷಯ ಸರಳ. ಒಡಲು ಹಗುರ, ಆದರೆ ಕತ್ತಿನ ತುದಿಯಲ್ಲಿ ತಂತಿ ಬಿಗಿಯುವ ನಾಲ್ಕು ಬಿರಡೆಗಳು ಹಳೆಯ ಕಾಲದವು, ಗಟ್ಟಿ ಕಬ್ಬಿಣದವು. ಕತ್ತು ಕೆಳಗೆ ಬೀಳದಂತೆ ಎಡಗೈಯೇ ಹೊತ್ತು ನಿಲ್ಲಬೇಕು. ತೂಕ ಇಳಿದಿತ್ತು, ಕೆಲಸ ಏರಿತ್ತು. ಆದರೂ ಅವರಿಬ್ಬರ ಮುಖ ನೋಡಿ ಒಂದು ವಾರ ನುಡಿಸಿದೆ. ವಾರದ ಕೊನೆಯಲ್ಲಿ ಇವರು ಶಾಲೆಯ ಕೋನಮಾಪಕ ಹಿಡಿದು ನನ್ನ ತೋಳು ಅಳೆದರು. ನೂರ ನಾಲ್ಕು. ಯಾರೂ ಜೋಕು ಮಾಡಲಿಲ್ಲ. ಎಡಗೈಯಿಂದ ಜಡೆ ಹಾಕಿಕೊಳ್ಳಲು ಆಗುತ್ತಿಲ್ಲ ಎನ್ನುವುದನ್ನು ನಾನೂ ಹೇಳಲಿಲ್ಲ.

ಮಾರನೆಯ ದಿನ ಇವರು ಹಳೆಯ ಎಕ್ಸ್‌ರೇ ಏಪ್ರನ್ ಕತ್ತರಿಸಿ ಒಳಗಿನ ಸೀಸದ ಹಾಳೆ ಸುರುಳಿ ಸುತ್ತಿಕೊಂಡು ಬಂದರು. ಬಾಸಿನ ಬಾಲಕ್ಕೆ ಅದನ್ನು ಟೇಪಿನಿಂದ ಅಂಟಿಸಿದರು. ನಾನು ಕೈ ಬಿಟ್ಟೆ. ಕತ್ತು ಅಲ್ಲಾಡಿ ಅಲ್ಲಾಡಿ ಅಡ್ಡಕ್ಕೆ ನಿಂತಿತು.

"ನೋಡಿದ್ಯಾ!" ಎಂದು ಇವರು ಕೈ ಉಜ್ಜಿಕೊಂಡರು.

"ಸೀಸ ಎಷ್ಟು?"

"ನಾನೂರು ಗ್ರಾಂ."

"ಒಟ್ಟು ಮೂರು ಕಿಲೋ ಆರುನೂರ ನಲವತ್ತು. ಡಾಕ್ಟರ್ ಸಾಹೇಬ್ರೆ, ಹಗುರ ಬಾಸ್ ಕೊಂಡು ಅದಕ್ಕೆ ಸೀಸ ತುಂಬಿದವರು ನೀವೇ ಮೊದಲು ಅನ್ಸುತ್ತೆ."

ಇವರು ಸೀಸದ ಸುರುಳಿ ಬಿಚ್ಚತೊಡಗಿದರು. ಅಷ್ಟರಲ್ಲಿ ತಮ್ಮ ನನ್ನ ಮುಂದಿನ ಬಾಸನ್ನೇ ನೋಡುತ್ತ, ಬೆರಳಿನಿಂದ ಗಾಳಿಯಲ್ಲಿ ಉದ್ದ ಅಳೆಯುತ್ತಿದ್ದ.

"ಭಾವ, ನಾವು ತಪ್ಪು ಕಡೆ ಇದ್ದೀವಿ. ತೂಗೋ ಜಾಗದಿಂದ ಬಾಲ ಎಷ್ಟು ದೂರ, ತಲೆ ಅದರ ಎರಡರಷ್ಟು ದೂರ. ತಲೆಯಲ್ಲಿ ಇನ್ನೂರು ಗ್ರಾಂ ತೆಗೆದ್ರೆ ಬಾಲದಲ್ಲಿ ನಾನೂರು ಸೇರಿಸಿದ ಹಾಗೆ. ಹಗುರ ಬಿರಡೆ ಹಾಕಿದ್ರೆ ಒಂದೊಂದಕ್ಕೂ ಐವತ್ತು ಗ್ರಾಂ ಉಳಿಯುತ್ತೆ."

"ಅಂಥ ಬಿರಡೆ ಎಲ್ಲಿ ಸಿಗುತ್ತೋ?"

"ತರಿಸಬೇಕು. ಎರಡು ತಿಂಗಳು ಆಗುತ್ತೆ."

ಉಳಿದಿದ್ದದ್ದು ಎರಡು ವಾರ. ತಮ್ಮ ಎದ್ದು ಹೋದ. ಒಂದು ಗಂಟೆ ಬಿಟ್ಟು ಬಂದಾಗ ಅವನ ಕೈಯಲ್ಲಿ ಕರಿಯ ಬಾಸ್ ಇತ್ತು. ಅವನ ಮೂರರಲ್ಲಿ ಮೊದಲನೆಯದು, ನಾನು ಮುಟ್ಟಲು ಹೋದರೆ ಉಂಗುರ ತೆಗೆದು ಬಾ ಎನ್ನುತ್ತಿದ್ದದ್ದು. ಕುರ್ಚಿಯ ಮೇಲೆ ಟವೆಲ್ ಹಾಸಿ ಮಲಗಿಸಿ, ಒಂದೊಂದೇ ಬಿರಡೆ ಬಿಚ್ಚಿದ.

"ಅದರಲ್ಲಿ ಹಗುರದ್ದೇ ಇತ್ತಾ?" ಎಂದೆ.

"ಹ್ಞೂಂ."

"ಮತ್ತೆ ಅದು?"

"ಅದೇನು, ಮಂಚದ ಕೆಳಗೆ ಮಲಗಿರುತ್ತೆ. ತಂತಿ ಇಲ್ಲದೆ ಮಲಗಿರುತ್ತೆ, ಅಷ್ಟೇ ತಾನೆ." ತಲೆ ಎತ್ತಲಿಲ್ಲ. "ಉಂಗುರ ತೆಗೆದು ಈ ಸ್ಕ್ರೂ ಹಿಡ್ಕೋ."

ಬಿರಡೆಯ ಸ್ಕ್ರೂಗಳು ಹಳೆಯ ತೂತುಗಳಿಗೆ ಹೊಂದಲಿಲ್ಲ. ಇವರು ಬಾಸನ್ನು ರೋಗಿಯ ಕುರ್ಚಿಗೆ ಒರಗಿಸಿ, ದೀಪ ಕೆಳಗಿಳಿಸಿ, ತೂತುಗಳನ್ನು ಹುಳುಕು ತುಂಬುವ ಸಿಮೆಂಟಿನಿಂದ ಮುಚ್ಚಿದರು. "ನೋವಾದ್ರೆ ಹೇಳು," ಎಂದೂ ಅದಕ್ಕೆ ಹೇಳಿದರು, ಅಭ್ಯಾಸಬಲ. ಸಿಮೆಂಟು ಗಟ್ಟಿಯಾದ ಮೇಲೆ ಹೊಸ ತೂತು ಕೊರೆದು ಬಿರಡೆ ಕೂರಿಸಿದರು. ಪಟ್ಟಿ ಹಾಕಿಕೊಂಡು ಎರಡೂ ಕೈ ಬಿಟ್ಟೆ. ಬಾಸ್ ನನ್ನ ಹೊಟ್ಟೆಗೆ ಒರಗಿ, ಕತ್ತು ಒಂದಿಷ್ಟು ಮೇಲೆತ್ತಿ, ಸುಮ್ಮನೆ ನಿಂತಿತು. ತೂಕ ಮೂರು ಕಿಲೋ ನಲವತ್ತು ಗ್ರಾಂ.

ಉಳಿದ ಎರಡು ವಾರ ದಿನಾ ಸಂಜೆ ನುಡಿಸಿದೆ. ಮನೆಯಲ್ಲಿ ತೋಳು ಅಳೆಯುವುದನ್ನು ಬಿಟ್ಟೆವು. ಇವರು ಕೋನಮಾಪಕ ತೆಗೆದಾಗಲೆಲ್ಲ ನಾನೇ ಬೇಡವೆಂದೆ, ಹೆದರಿಕೆಯಾಗುತ್ತಿತ್ತು.

ಆರನೆಯ ವಾರದ ಶನಿವಾರ ಇಬ್ಬರೂ ನನ್ನ ಜೊತೆ ಬಂದರು. ಹೊರಗೆ ಕೂರಿ ಎಂದರೆ ಕೇಳದೆ ಫಿಸಿಯೋಥೆರಪಿಸ್ಟ್ ಕೋಣೆಯ ಬಾಗಿಲಲ್ಲೇ ನಿಂತರು.

"ಬಾಸ್ ಬಿಟ್ರಾ ಮೇಡಂ?"

"ಮೊದಲು ಅಳೀರಿ," ಎಂದೆ.

ಕೈ ಎತ್ತಿದೆ. ಒಂದು ಕಡೆ ಹಿಡಿದ ಹಾಗಾಯಿತು. ಅಲ್ಲೇ ನಿಲ್ಲಿಸಿದೆ.

"ಇನ್ನೂ ಸ್ವಲ್ಪ," ಎಂದ ತಮ್ಮ ಬಾಗಿಲಿನಿಂದ.

"ನೀವು ಹೇಳ್ಕೊಡಬೇಡಿ," ಎಂದಳು ಅವಳು. ಕೋನಮಾಪಕವನ್ನು ಹೆಗಲಿಗೆ ಒತ್ತಿ ಹಿಡಿದು, ಬಗ್ಗಿ ನೋಡಿ, ಅನುಮಾನ ಬಂದವಳಂತೆ ಇನ್ನೊಮ್ಮೆ ಇಟ್ಟು ನೋಡಿದಳು. ಆಮೇಲೆ ಚೀಟಿಯಲ್ಲಿ ಬರೆದು ನನ್ನ ಕಡೆ ತಿರುಗಿಸಿದಳು.

ನೂರ ಹದಿನೇಳು ಡಿಗ್ರಿ.