ಬೇಡ ಎನ್ನುವ ಗುಂಡಿ

ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಕಂಪ್ಯೂಟರು ಮಾತು ನಿಲ್ಲಿಸಿತು.

ಸೊಸೆ ಒಂದು ಕೀಲಿ ಒತ್ತಿದಳು. ಸದ್ದಿಲ್ಲ. ಇನ್ನೊಂದು ಒತ್ತಿದಳು. ಇಲ್ಲ. ಹೆಡ್‌ಫೋನಿನ ತಂತಿ ಸಡಿಲವಾಗಿದೆಯೇನೋ ಎಂದು ಕಿತ್ತು ಮತ್ತೆ ಸಿಕ್ಕಿಸಿದಳು. ಮೇಜಿನ ಕೆಳಗೆ ಕೈ ಚಾಚಿ ಡಬ್ಬದ ಮೇಲೆ ಅಂಗೈ ಇಟ್ಟಳು. ಒಳಗೆ ಫ್ಯಾನು ಭರ್ರೆಂದು ತಿರುಗುತ್ತಿತ್ತು, ಡಬ್ಬ ಬಿಸಿಯಾಗಿತ್ತು. ಅಂದರೆ ಸತ್ತಿಲ್ಲ. ಬದುಕಿದ್ದೂ ಬಾಯಿ ಬಿಡುತ್ತಿಲ್ಲ.

ಅವಳಿಗೆ ಕಣ್ಣು ಕಾಣುವುದಿಲ್ಲ. ಹನ್ನೆರಡನೇ ವಯಸ್ಸಿನಲ್ಲಿ ಬಂದ ಜ್ವರ ಹೋಗುವಾಗ ನೋಟವನ್ನೂ ಕೊಂಡುಹೋಗಿತ್ತು. ಅಷ್ಟರೊಳಗೆ ಓದು ಬರಹ ಕಲಿತಾಗಿದ್ದರಿಂದ ಅಕ್ಷರಗಳ ಆಕಾರ ಮಾತ್ರ ತಲೆಯಲ್ಲಿ ಉಳಿದುಕೊಂಡಿತ್ತು. ತೆರೆಯ ಮೇಲೆ ಏನು ಬಂದರೂ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದನ್ನು ಕಂಪ್ಯೂಟರಿಗೆ ಹಾಕಿಸಿಕೊಂಡು, ಏಳು ವರ್ಷದಿಂದ ಅದರ ದನಿ ಹಿಡಿದು ಮನೆಯಲ್ಲೇ ಕೆಲಸ ಮಾಡುತ್ತಿದ್ದಳು. ವಿಚಾರಣೆಗಳಲ್ಲಿ ಜನ ಆಡಿದ ಮಾತಿನ ಧ್ವನಿಮುದ್ರಣ ಕೇಳಿ ಅಕ್ಷರಕ್ಕಿಳಿಸುವುದು ಅವಳ ಕೆಲಸ. ಕಣ್ಣಿದ್ದವರು ಕೈಬಿಟ್ಟ ಧ್ವನಿಗಳೆಲ್ಲ ಅವಳ ಪಾಲಿಗೆ ಬರುತ್ತಿದ್ದವು.

ಈ ಸಲದ್ದು ಬಣ್ಣದಜ್ಜಿಯ ಹೇಳಿಕೆ. ಬಟ್ಟೆಗೆ ನೀಲಿ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ಶ್ವಾಸಕೋಶ ಕಳೆದುಕೊಂಡ ಮುದುಕಿ ಆಸ್ಪತ್ರೆಯ ಹಾಸಿಗೆಯಲ್ಲಿ ಕೊಟ್ಟ ನಲವತ್ತು ನಿಮಿಷದ ಮಾತು. ಮಾತಿಗಿಂತ ಕೆಮ್ಮೇ ಹೆಚ್ಚು. ಮೂವರು ಬೆರಳಚ್ಚುಗಾರರು ಅರ್ಥವಾಗುವುದಿಲ್ಲವೆಂದು ಹಿಂತಿರುಗಿಸಿದ್ದನ್ನು ಸೊಸೆ ಹನ್ನೊಂದು ದಿನ ಕೇಳಿ, ಕೆಮ್ಮಿನ ನಡುವಿನಿಂದ ಒಂದೊಂದೇ ಮಾತನ್ನು ಹೆಕ್ಕಿ ತೆಗೆದಿದ್ದಳು. ಕಾರ್ಮಿಕರಿಗೆಲ್ಲ ಮುಖಕ್ಕೆ ಕಟ್ಟುವ ಮಾಸ್ಕು ಕೊಟ್ಟಿದ್ದೆವು ಎಂದು ಕಾರ್ಖಾನೆಯವರು ಬರೆದುಕೊಟ್ಟಿದ್ದರು. ಅಜ್ಜಿ ಹೇಳಿದ್ದು ಬೇರೆ: ತಪಾಸಣೆಗೆ ಸಾಹೇಬರು ಬಂದ ದಿನ ಕೊಟ್ಟರು, ಸಂಜೆ ಲೆಕ್ಕ ಹಾಕಿ ವಾಪಸು ಇಸಿದುಕೊಂಡರು. ಅದನ್ನು ಹೇಳಿದವರು ಅವಳೊಬ್ಬಳೇ. ಹೇಳಿದ ಹದಿನಾರನೇ ದಿನ ತೀರಿಕೊಂಡಳು.

ಬರಹ ಇವತ್ತು ಮಧ್ಯಾಹ್ನ ಹನ್ನೆರಡರೊಳಗೆ ವಿಚಾರಣಾ ಸಮಿತಿಯ ಕಚೇರಿ ಸೇರಬೇಕು. ಸೇರದಿದ್ದರೆ ಕಾರ್ಖಾನೆಯ ಕಾಗದವೊಂದೇ ಸತ್ಯ. ನಿನ್ನೆಯೇ ಮುಗಿದಿತ್ತು. ಆದರೆ ಕೊನೆಯ ಸಲ ಬೆಳಗಿನ ಕಿವಿಯಲ್ಲಿ ಕೇಳದೆ ಅವಳು ಯಾವ ಬರಹವನ್ನೂ ಕಳಿಸಿದವಳಲ್ಲ.

"ಅತ್ತೇ! ಅತ್ತೇ!"

ಅತ್ತೆ ಒದ್ದೆ ಕೈಯಲ್ಲೇ ಓಡಿಬಂದರು. "ಏನೇ ಅದು ಹಾಗೆ ಕೂಗೋದು? ಹಾಲು ಉಕ್ಕಿತು ಅಂದ್ಕೊಂಡೆ."

"ತೆರೆ ಮೇಲೆ ಏನಿದೆ ನೋಡಿ."

"ನೀಲಿ."

"ನೀಲಿ ಅಂದ್ರೆ?"

"ನೀಲಿ ಅಂದ್ರೆ ನೀಲಿ, ಇನ್ನೇನು ಹೇಳಲಿ ನಿನಗೆ? ಮಧ್ಯೆ ಒಂದಷ್ಟು ಚುಕ್ಕಿ ಸುತ್ತು ಹೊಡೀತಾ ಇದೆ, ಬಾಲ ಹಿಡ್ಕೊಳ್ಳೋಕೆ ಹೋದ ನಾಯಿ ಥರ. ಕೆಳಗೆ ಬರಹ."

"ಏನಂತ ಬರೆದಿದೆ?"

ಕೇಳಿದ ಮೇಲೆ ಸೊಸೆ ತುಟಿ ಕಚ್ಚಿಕೊಂಡಳು. ಅತ್ತೆಗೆ ಓದು ಬಾರದು. ಒಂಬತ್ತನೇ ವಯಸ್ಸಿಗೇ ದೊಡ್ಡ ಲಾಂಡ್ರಿಯೊಂದರಲ್ಲಿ ಇಸ್ತ್ರಿಗೆ ನಿಂತವರು, ಮೊಣಕಾಲು ಸೋತು ಮನೆಗೆ ಬರುವ ತನಕ ಅಲ್ಲೇ ಇದ್ದವರು. ಬಟ್ಟೆಗೆ ಕಟ್ಟುವ ಚೀಟಿಗಳಿಂದ ಅಂಕಿ ಕಲಿತಿದ್ದರು, ಅಷ್ಟೇ.

"ನಿನಗೆ ಓದು ಬರುತ್ತೆ, ಕಣ್ಣಿಲ್ಲ. ನನಗೆ ಕಣ್ಣಿದೆ, ಓದಿಲ್ಲ," ಎಂದರು ಅತ್ತೆ. "ಇಬ್ಬರನ್ನೂ ಕೂಡಿಸಿದ್ರೆ ಒಬ್ಬ ಗುಮಾಸ್ತನಾದ್ರೂ ಆಗ್ತಾನೆ. ತಡಿ, ಅಂಕಿ ಇದೆ ಇಲ್ಲಿ. ಹದಿನೇಳು. ಪಕ್ಕದಲ್ಲಿ ಒಂದು ಗೀಟು, ಆ ಕಡೆಗೊಂದು ಈ ಕಡೆಗೊಂದು ಸೊನ್ನೆ."

ನೂರಕ್ಕೆ ಹದಿನೇಳು. ಸೊಸೆ ಹೆಡ್‌ಫೋನು ಕಳಚಿ ಕೆಳಗಿಟ್ಟಳು. ಅಪ್‌ಗ್ರೇಡ್. ಯಾರೂ ಕೇಳದಿದ್ದದ್ದು, ಯಾರಿಗೂ ಬೇಡವಾದದ್ದು, ಮನೆಯವರನ್ನು ಒಂದು ಮಾತೂ ಕೇಳದೆ ಒಳಗೆ ಬಂದು ಕೂತಿದೆ.

"ಅದು ತಾನೇ ಶುರು ಮಾಡ್ಕೊಂಡಿತಾ?" ಎಂದು ತನಗೆ ತಾನೇ ಗೊಣಗಿಕೊಂಡಳು.

ಅತ್ತೆ ಸೆರಗಿಗೆ ಕೈ ಒರೆಸಿದರು. ಒರೆಸಿದ್ದೇ ಒರೆಸಿದರು.

"ಅತ್ತೆ?"

"ನಿನ್ನೆ ಮೇಜು ಒರೆಸ್ತಿದ್ದೆ ಕಣೇ. ತೆರೆ ಮೇಲೆ ಆ ಚೌಕ ಬಂದು ನಿಂತ್ಕೊಂಡಿತ್ತು. ದಿನಾ ಬರುತ್ತೆ ಪಾಪ, ಏನೋ ಕೇಳುತ್ತೆ, ಯಾರೂ ಉತ್ತರ ಕೊಡಲ್ಲ. ಬಾಗಿಲಿಗೆ ಬಂದವರನ್ನ ಹಾಗೆ ನಿಲ್ಲಿಸಬಾರದು ಅಂತ, ಇಲಿ ಥರ ಇದೆಯಲ್ಲ, ಅದನ್ನ ದೊಡ್ಡ ಗುಂಡಿ ಮೇಲೆ ತಂದು ಒತ್ತಿದೆ. ಹೊರಟುಹೋಯ್ತು. ನಾನು, ಸದ್ಯ, ಮರ್ಯಾದಸ್ಥ ಅಂದ್ಕೊಂಡೆ."

"ಮರ್ಯಾದಸ್ಥ!" ಸೊಸೆಯ ದನಿ ಏರಿತು. "ಕಂಪ್ಯೂಟರ್ ಮುಟ್ಟಬೇಡಿ ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ! ನೆಂಟ ಅಂದ್ಕೊಂಡ್ರಾ ಅದನ್ನ?"

"ಬೈಯಿ, ಬೈಯಿ. ನಾನು ದಡ್ಡಿ. ಆದ್ರೆ ಒಂದು ಹೇಳು, ಏನು ಒತ್ತಬೇಕಿತ್ತು ನಾನು? ಎರಡೇ ಇದ್ದಿದ್ದು. ಒಂದು ದೊಡ್ಡದು, ಹೊಳೀತಿತ್ತು. ಇನ್ನೊಂದು ಮೂಲೆಯಲ್ಲಿ, ಬೂದಿ ಬಣ್ಣ, ಕಂಡೂ ಕಾಣದ ಹಾಗೆ."

ಸೊಸೆಗೆ ಅದು ಗೊತ್ತೇ ಇರಲಿಲ್ಲ. ತಂತ್ರಾಂಶದ ದನಿಯಲ್ಲಿ ಗುಂಡಿಗಳೆಲ್ಲ ಒಂದೇ ಗಾತ್ರ, ಎರಡೂ ಒಂದೇ ಸಮನೆ ಕೇಳುತ್ತಿದ್ದವು: 'ಈಗಲೇ', 'ಆಮೇಲೆ'. ತಿಂಗಳುಗಟ್ಟಲೆ 'ಆಮೇಲೆ' ಒತ್ತುತ್ತ ಬಂದಿದ್ದಳು, ಸಾಲ ಕೊಟ್ಟವರನ್ನು ಸಾಗಹಾಕುವವರ ಹಾಗೆ. ಬೇಡ ಎನ್ನುವ ಗುಂಡಿ ಇರಲೇ ಇಲ್ಲ. ಆ ಚೌಕವನ್ನು ಮಾಡಿದವನು ಯಾವುದೋ ಕೋಣೆಯಲ್ಲಿ ಕೂತು, ನಾಲ್ಕು ಜನರೊಡನೆ ಚರ್ಚಿಸಿ, ಆ ಒಂದು ಗುಂಡಿಯನ್ನು ಬೇಕೆಂದೇ ಬಿಟ್ಟಿದ್ದ. ನಿನ್ನೆ ಒತ್ತಿದ್ದು ರಾತ್ರಿಯಿಡೀ ಸದ್ದಿಲ್ಲದೆ ಒಳಗಿಳಿದು ಇವತ್ತು ಎದ್ದು ಕೂತಿತ್ತು. ಅತ್ತೆ ಒತ್ತದಿದ್ದರೆ ಇನ್ನೊಂದು ವಾರಕ್ಕೆ ಅದೇ ಒತ್ತಿಕೊಳ್ಳುತ್ತಿತ್ತು.

"ನಿಮ್ಮ ತಪ್ಪಲ್ಲ ಬಿಡಿ," ಎಂದಳು. ದನಿ ಇನ್ನೂ ಒರಟಾಗೇ ಇತ್ತು. "ಎಷ್ಟಾಯ್ತು ಈಗ?"

"ಹತ್ತೊಂಬತ್ತು."

ಓದಿ ಹೇಳುವವರು ಸಿಗುತ್ತಾರೇನೋ ಎಂದು ಅತ್ತೆ ಮೆಟ್ಟಿಲಿಳಿದು ಹೋಗಿ ಮೂರು ಮಹಡಿಯ ಬಾಗಿಲುಗಳನ್ನೂ ಬಡಿದು ಬಂದರು. ಎಲ್ಲರೂ ಕೆಲಸಕ್ಕೆ ಹೋಗಿದ್ದರು. ಕೆಳಗಿನ ಬೀಗದ ಅಂಗಡಿಯವನು ಗಿರಾಕಿ ಬಿಟ್ಟು ಬರಲಾರೆ ಎಂದನಂತೆ. ಸೊಸೆಯ ಗಂಡ ಲಾರಿ ಓಡಿಸುತ್ತ ಎರಡು ದಿನದ ದಾರಿಯಾಚೆ ಇದ್ದ, ಫೋನು ತೆಗೆಯಲಿಲ್ಲ. ಸೊಸೆ ಸಮಿತಿಯ ಕಚೇರಿಗೆ ಫೋನು ಮಾಡಿದಳು. ಗುಮಾಸ್ತ ಎತ್ತಿಕೊಂಡ.

"ಮೇಡಂ, ಹನ್ನೆರಡು ಅಂದ್ರೆ ಹನ್ನೆರಡು. ಕಂಪ್ಯೂಟರಲ್ಲೇ ಬರಬೇಕು."

"ಅಜ್ಜಿ ಧ್ವನಿ ನಿಮ್ಮ ಹತ್ರಾನೇ ಇದೆಯಲ್ಲ ಸಾರ್. ಅದನ್ನ ಹಾಕಿ ಕೇಳಿಸಬಹುದಲ್ಲ ಸಮಿತಿಗೆ?"

"ಧ್ವನಿ ಫೈಲಿಗೆ ಹೋಗಲ್ಲ. ಅಕ್ಷರ ಬೇಕು."

"ಬಾಯಲ್ಲಿ ಹೇಳಿದ್ದು ಸಾಕ್ಷಿ ಅಲ್ವಾ?"

"ಸಾಕ್ಷಿಯೇ. ಆದ್ರೆ ಅಕ್ಷರದಲ್ಲಿ."

ಸೊಸೆ ಕೈಗಡಿಯಾರದ ಮುಚ್ಚಳ ತೆರೆದು ಮುಳ್ಳುಗಳನ್ನು ಬೆರಳಲ್ಲಿ ಮುಟ್ಟಿದಳು. ಮುಚ್ಚಿದಳು. ಮತ್ತೆ ತೆರೆದಳು. ಎದ್ದು ಕಿಟಕಿಯವರೆಗೆ ನಡೆದಳು, ಬಂದು ಕೂತಳು, ಮತ್ತೆ ಎದ್ದಳು. ಅತ್ತೆ ಕುರ್ಚಿಯ ತುದಿಯಲ್ಲಿ ಕೂತು, ಲಾಂಡ್ರಿಯಲ್ಲಿ ಚೀಟಿ ಕೂಗುತ್ತಿದ್ದ ದನಿಯಲ್ಲೇ ಅಂಕಿ ಕೂಗುತ್ತಿದ್ದರು. ಮೂವತ್ತೊಂದು. ಮೂವತ್ತೊಂದು. ಮೂವತ್ತೊಂದೇ. ನಲವತ್ತು. ಐವತ್ತೆಂಟರ ಹತ್ತಿರ ತೆರೆ ಕಪ್ಪಾಯಿತು. "ಹೋಯ್ತು ಕಣೇ!" ಎಂದು ಚೀರಿದರು. ಮತ್ತೆ ನೀಲಿ ಬಂತು. ಹೀಗೆ ಮೂರು ಸಲ ಸತ್ತು ಮೂರು ಸಲ ಎದ್ದಿತು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ನೂರಾಯಿತು. ಸೊಸೆ ಹೆಡ್‌ಫೋನು ಏರಿಸಿಕೊಂಡಳು.

ಮೌನ.

"ಏನೋ ಬರಹ ಬಂದಿದೆ. ಕೆಳಗೆ ಗುಂಡಿ," ಎಂದರು ಅತ್ತೆ.

"ನನ್ನ ಕೈ ಮೇಲೆ ಬರೀರಿ."

"ನನಗೆಲ್ಲಿ ಬರೆಯೋಕೆ ಬರುತ್ತೆ?"

"ಬರೆಯೋದಲ್ಲ. ಕಂಡ ಹಾಗೆ ಗೀಚಿ. ರಂಗೋಲಿ ನೋಡ್ಕೊಂಡು ಹಾಕಲ್ವಾ, ಹಾಗೆ."

ಅತ್ತೆ ಸೊಸೆಯ ಅಂಗೈ ಬಿಡಿಸಿ, ತೋರುಬೆರಳಿನಿಂದ ಎಳೆಯತೊಡಗಿದರು. ಮೊದಲು ಕೆಳಗಿನಿಂದ ಮೇಲಕ್ಕೆ ಎಳೆದರು. ಅಕ್ಷರ ತಲೆಕೆಳಗಾಗಿ ಬಂತು. ಮತ್ತೆ ಎಳೆಸಿಕೊಂಡಳು. ಒಂದೊಂದು ಪದಕ್ಕೆ ಒಂದೊಂದು ನಿಮಿಷ. ಸಾಲು ಹೀಗಿತ್ತು: 'ಹೊಸದಕ್ಕೆ ಹೊಂದದ ಒಂದು ತಂತ್ರಾಂಶವನ್ನು ತೆಗೆದುಹಾಕಿದ್ದೇವೆ. ನೀವು ಏನೂ ಮಾಡಬೇಕಿಲ್ಲ.'

ಹೊಂದದ ಆ ಒಂದು, ಅವಳ ದನಿ. ಏಳು ವರ್ಷ ಅವಳಿಗೆ ಲೋಕವನ್ನು ಓದಿ ಹೇಳಿದ್ದು. ತೆಗೆದುಹಾಕಿದ್ದಾರೆ, ಕಸದ ಹಾಗೆ. ಜೊತೆಗೆ ಸಮಾಧಾನ ಬೇರೆ.

"ಏನಂತೆ?"

"ನಾವು ಏನೂ ಮಾಡಬೇಕಿಲ್ವಂತೆ."

"ಹೌದಾ? ಮಹರಾಯ, ಬಾ ಹಾಗಾದ್ರೆ, ಬಂದು ಅಡುಗೆ ಮಾಡಿಟ್ಟು ಹೋಗು," ಎಂದರು ಅತ್ತೆ ತೆರೆಗೆ.

ಹೊಸದರಲ್ಲೂ ಓದಿ ಹೇಳುವ ದನಿಯೊಂದು ಇತ್ತು. ಅದನ್ನು ಎಬ್ಬಿಸುವುದು ಹೇಗೆಂದು ತೆರೆಯ ತಳದಲ್ಲಿ ಬರೆದೂ ಇದ್ದರು, ಅತ್ತೆ ಮೂಗು ತಾಗಿಸಿ ನೋಡಬೇಕಾದಷ್ಟು ಸಣ್ಣ ಅಕ್ಷರದಲ್ಲಿ. ಕುರುಡರಿಗಾಗಿ. ಗೀಚಿಸಿಕೊಂಡು ಆ ಕೀಲಿಗಳನ್ನು ಒತ್ತಿದರೆ ಅದು ಪರದೇಶಿ ನಾಲಿಗೆಯಲ್ಲಿ ಏನೋ ತೊದಲಿತು, ಅಕ್ಷರಗಳನ್ನೆಲ್ಲ ಹಾರಿ ಅಂಕಿಗಳನ್ನು ಮಾತ್ರ ಓದಿತು. ಸೊಸೆ ಅದರ ಬಾಯಿ ಮುಚ್ಚಿಸಿದಳು.

ಅಲ್ಲಿಂದ ಮುಂದೆ ಪ್ರಶ್ನೆಗಳ ಸಾಲು. ನೀವಿರುವ ಜಾಗ ನಮಗೆ ತಿಳಿಯಬಹುದೇ? ನಿಮ್ಮ ದನಿಯನ್ನು ನಾವು ಕೇಳಿಸಿಕೊಳ್ಳಬಹುದೇ? ನಿಮ್ಮ ಕಡತಗಳನ್ನು ನಮ್ಮ ಬಳಿ ಇಡಲೇ? ಸೊಸೆ ಕೀಲಿ ಒತ್ತುವುದು, ಗೆರೆ ಯಾವ ಗುಂಡಿಯ ಸುತ್ತ ಬಂತೆಂದು ಅತ್ತೆ ಹೇಳುವುದು.

"ದೊಡ್ಡದರ ಸುತ್ತ ಬಂತು."

"ದೊಡ್ಡದು ಅವರದ್ದು. ಚಿಕ್ಕದಕ್ಕೆ ಬಂದಾಗ ಹೇಳಿ."

"ಬಂತು. ಒತ್ತು. ಹಾಳಾಗಿಹೋಗಲಿ, ಮತ್ತೊಂದು ಬಂತು. ಹೆಣ್ಣು ನೋಡೋಕೆ ಬಂದವರೂ ಇಷ್ಟು ಕೇಳಲ್ಲ ಕಣೇ."

ಹನ್ನೊಂದೂ ನಲವತ್ತಕ್ಕೆ ಪ್ರಶ್ನೆಗಳು ಮುಗಿದವು. ಕಡತಗಳ ಪಟ್ಟಿ ತೆರೆದುಕೊಂಡಿತು. ಆದರೆ ಎಲ್ಲ ಅದಲು ಬದಲಾಗಿತ್ತು. ಮೇಲಿನಿಂದ ಮೂರನೆಯದು ಎಂದು ಅವಳ ಬೆರಳಿಗೆ ಗೊತ್ತಿದ್ದದ್ದು ಅಲ್ಲಿರಲಿಲ್ಲ. ನೂರಾರು ಹೆಸರು. ಒಂದೊಂದನ್ನೂ ಗೀಚಿಸಿಕೊಳ್ಳುತ್ತ ಕೂತರೆ ಸಂಜೆಯಾಗುತ್ತದೆ.

"ಈ ಸಲ ನಾನು ಬರೀತೀನಿ," ಎಂದಳು ಸೊಸೆ. "ಅದೇ ಆಕಾರ ಪಟ್ಟಿಯಲ್ಲಿ ಎಲ್ಲಿದೆ ಹುಡುಕಿ."

ಅತ್ತೆಯ ಅಂಗೈ ಹಿಡಿದು 'ಬಣ್ಣದಜ್ಜಿ' ಎಂದು ಬರೆದಳು. ಅತ್ತೆ ತಲೆಯಾಡಿಸಿದರು. "ಗೊತ್ತಾಗಲ್ಲ ಮಗಾ. ಇಸ್ತ್ರಿ ಪೆಟ್ಟಿಗೆ ಹಿಡಿದೂ ಹಿಡಿದೂ ಅಂಗೈ ಚಪ್ಪಲಿ ಅಟ್ಟೆ ಆಗಿದೆ. ಇಲ್ಲಿ ಬರಿ." ತೋಳು ಹೊರಳಿಸಿ ಒಳಮಗ್ಗುಲನ್ನು ಒಡ್ಡಿದರು. ಸೊಸೆ ಮೊಣಕೈಯಿಂದ ಮಣಿಕಟ್ಟಿನವರೆಗೆ ದೊಡ್ಡದಾಗಿ ಬರೆದಳು. ಅತ್ತೆ ಕಣ್ಣು ಮುಚ್ಚಿ ಇನ್ನೊಮ್ಮೆ ಬರೆಸಿಕೊಂಡರು. ಆಮೇಲೆ ತೆರೆಯ ಮೇಲೆ ಬೆರಳಿಟ್ಟು, ತುಟಿ ಅಲುಗಿಸುತ್ತ ಒಂದೊಂದೇ ಸಾಲು ಇಳಿಯತೊಡಗಿದರು. ಸೊಸೆಯ ಕಾಲು ಮೇಜಿನಡಿಯಲ್ಲಿ ತಾನಾಗಿ ಕುಣಿಯುತ್ತಿತ್ತು. ಐದು ನಿಮಿಷ. ಏಳು ನಿಮಿಷ.

"ಇದೇ! ಹೊಟ್ಟೆ ಕೆಳಗೆ ಇನ್ನೊಂದು ಮರಿ ನೇತಾಡ್ತಿರೋದು ಎರಡು ಕಡೆ ಇದೆ. ಇದೇ ಕಣೇ!"

ಬೆಳಗಿನ ಕಿವಿಯಲ್ಲಿ ಕೇಳುವ ಮಾತೇ ಇರಲಿಲ್ಲ. ಹಾಗೇ ಸಮಿತಿಗೆ ಹೋಗಬೇಕಾದ ಇ-ಮೇಲಿಗೆ ಅಂಟಿಸಿದಳು. ಕಳಿಸುವ ಗುಂಡಿಯನ್ನೂ ಅವರು ಎಲ್ಲಿಗೋ ಎತ್ತಿಟ್ಟಿದ್ದರು. ಅದು ಸಿಕ್ಕುವ ಹೊತ್ತಿಗೆ ಹೊಸದರ ಗುಣಗಾನ ಮಾಡುವ ಚೌಕವೊಂದು ಮುಂದೆ ಬಂದು ನಿಂತಿತು. ಅದರ ಚಿಕ್ಕ ಗುಂಡಿ ಹುಡುಕಿ ಅಟ್ಟಬೇಕಾಯಿತು. ಒತ್ತಿದಳು. ಹೋಯಿತೋ ಇಲ್ಲವೋ ಹೇಳುವ ದನಿ ಇಲ್ಲ. ಫೋನು ಎತ್ತಿಕೊಂಡಳು.

"ಬಂತಾ ಸಾರ್?"

"ನೋಡ್ಬೇಕು... ಬಂದಿದೆ."

ಸೊಸೆ ಅತ್ತೆಯ ತೋಳನ್ನು ಗಟ್ಟಿಯಾಗಿ ಹಿಡಿದಳು.

"ಹನ್ನೆರಡು ಗಂಟೆ ಮೂರು ನಿಮಿಷ," ಎಂದ ಗುಮಾಸ್ತ. "ಮೇಡಂ, ನನ್ನ ಕೈಯಲ್ಲಿ ಏನೂ ಇಲ್ಲ. ಹೊತ್ತು ಹಾಕೋದೂ ಯಂತ್ರ, ತಡ ಆಗಿದ್ದನ್ನ ಬೇರೆ ಪಟ್ಟಿಗೆ ತಳ್ಳೋದೂ ಯಂತ್ರ. ಆ ಪಟ್ಟಿಯನ್ನ ಸಮಿತಿ ನೋಡಲೇಬೇಕು ಅಂತೇನಿಲ್ಲ."

"ಮೂರು ನಿಮಿಷ."

"ಮೂರೋ ಮೂವತ್ತೋ, ಅದಕ್ಕೆ ಒಂದೇ."

"ಸಮಿತಿ ಎಷ್ಟು ಗಂಟೆಗೆ ಕೂರುತ್ತೆ?"

"ಎರಡೂವರೆಗೆ. ಆದ್ರೆ ನೀವು ಬೆರಳಚ್ಚಿನವರು, ನೀವು ಬಂದು..."

ಸೊಸೆ ಫೋನು ಕೆಳಗಿಟ್ಟಳು. ಮೂವತ್ತು ವರ್ಷ ನೀಲಿ ಕುಡಿದವಳನ್ನು ಮೂರು ನಿಮಿಷದ ನೆಪ ಹೇಳಿ ಬಾಗಿಲಾಚೆ ನಿಲ್ಲಿಸಿದ್ದಾರೆ. ಕಾರ್ಖಾನೆಯ ಕಾಗದ ಒಳಗೆ ಆರಾಮಾಗಿ ಕೂತಿದೆ. ಎದ್ದು ಗೋಡೆ ಹಿಡಿದು ನಡೆದು ಕೋಲು ತೆಗೆದುಕೊಂಡಳು.

"ಎಲ್ಲಿಗೆ?"

"ಸಮಿತಿ ಮುಂದೆ. ಹನ್ನೊಂದು ದಿನ ಕೇಳಿದ್ದೀನಿ, ಒಂದಕ್ಷರ ಬಿಡದೆ ಬರುತ್ತೆ ನನಗೆ. ಅಕ್ಷರ ಬೇಕಂದ್ರೆ ಅವರೇ ಬರ್ಕೊಳ್ಳಲಿ."

"ಒಳಗೆ ಬಿಡದಿದ್ರೆ?"

"ಮೆಟ್ಟಿಲ ಮೇಲೆ ನಿಂತು ಹೇಳ್ತೀನಿ. ಅವರೂ ಕಾಫಿಗೆ ಹೊರಗೆ ಬರಲೇಬೇಕಲ್ಲ."

ಅತ್ತೆ ಒಲೆ ಆರಿಸಿ ಬಂದು ಚಪ್ಪಲಿ ಮೆಟ್ಟಿಕೊಂಡರು. "ನಡಿ, ನಾನೂ ಬರ್ತೀನಿ. ನೀನು ಹೇಳೋವಾಗ ಅವರ ಮುಖ ಹೇಗಾಗುತ್ತೆ ಅಂತ ನಿನಗೆ ಹೇಳೋಕೆ ಒಬ್ಬರು ಬೇಕಲ್ಲ."

ಮೆಟ್ಟಿಲಿಳಿಯುತ್ತಲೇ ಸೊಸೆ ಶುರು ಮಾಡಿದಳು. ತನ್ನ ದನಿಯಲ್ಲಲ್ಲ, ನಿಧಾನವಾಗಿ, ಉಸಿರು ಎಳೆದೆಳೆದು. "ನಾನು ಕಾರ್ಖಾನೆ ಸೇರಿದಾಗ ನನ್ನ ಮಗಳು ಮೊಲೆಹಾಲು ಬಿಟ್ಟಿರಲಿಲ್ಲ..." ಅಲ್ಲಿ ನಿಂತಳು, ಕೆಮ್ಮಿದಳು, ದೀರ್ಘವಾಗಿ.

ಅತ್ತೆ ಒಂದು ಮೆಟ್ಟಿಲು ಕೆಳಗೆ ತಿರುಗಿ ನಿಂತರು. "ಕೆಮ್ಮೂ ಹೇಳ್ತೀಯಾ?"

"ಕೆಮ್ಮೂ ಹೇಳ್ತೀನಿ," ಎಂದು ಸೊಸೆ ಕೋಲಿನಿಂದ ಮುಂದಿನ ಮೆಟ್ಟಿಲನ್ನು ತಡಕಿದಳು.