ಮನೆಯೊಳಗಿನ ಗಂಡುದನಿ

ಪರದೆ ಬೇಡ ಎಂದವಳು ಯುಸಿಮಿಯೇ.

ಕದ್ದುಮುಚ್ಚಿ ಕಂಪ್ಯೂಟರ್ ಸಾಮಾನು ಮಾರುವ ಎರಿಬೆರ್ತೊ ಅಡುಗೆಮನೆಯ ಮೇಜಿಗೆ ಮೊಣಕೈ ಊರಿ, ಹೆಣ್ಣಿನವರ ಮುಂದೆ ಗಂಡನ್ನು ಹೊಗಳುವ ದಲ್ಲಾಳಿಯ ಹಾಗೆ, ತಾನು ತಂದುಕೊಡಲಿರುವ ಪರದೆಯ ಅಗಲ, ಬಣ್ಣ, ಹೊಳಪು ಎಲ್ಲವನ್ನೂ ವರ್ಣಿಸುತ್ತಿದ್ದ. ಹುಡುಗಿ ಪೂರ್ತಿ ಕೇಳಿಸಿಕೊಂಡು ನಕ್ಕಳು.

"ಕುರುಡಿಗೆ ಕನ್ನಡಿ ಮಾರೋಕೆ ಬಂದಿದೀಯಾ ಎರಿಬೆರ್ತೊ?"

"ಪರದೆ ಇಲ್ದೆ ಕಂಪ್ಯೂಟರಾ? ತಲೆ ಇಲ್ಲದ ಕೋಳಿ ಆಗತ್ತೆ ಕಣೇ ಅದು!"

"ಆಗ್ಲಿ ಬಿಡು. ಕೂಗಿದ್ರೆ ಸಾಕು."

ಅವಳ ತಾಯಿ ಮಿಗ್ದಾಲಿಯಾ ನಗಲಿಲ್ಲ. ಕಿಟಕಿ ಮುಚ್ಚಿ ಬಂದು, "ಮೆತ್ತಗೆ ಮಾತಾಡಿ" ಎಂದಳು.

ಎರಡು ವರ್ಷದ ಕೆಳಗೆ ಮಿದುಳು ಜ್ವರ ಬಂದು ಯುಸಿಮಿಯ ಕಣ್ಣು ಹೋಗಿತ್ತು. ಊಟದ ತಟ್ಟೆಯ ಪಕ್ಕದಲ್ಲೂ ಪುಸ್ತಕ ತೆರೆದಿಟ್ಟುಕೊಳ್ಳುತ್ತಿದ್ದ ಹುಡುಗಿ, ಆಮೇಲೆ ಹಾಸಿಗೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಹೊರಳಿರಲಿಲ್ಲ. ತಿನ್ನು ಎಂದರೆ ತಿನ್ನುತ್ತಿದ್ದಳು, ಏಳು ಎಂದರೆ ಏಳುತ್ತಿದ್ದಳು, ಅಷ್ಟೇ. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಕಂಪ್ಯೂಟರ್ ಇದೆಯಂತೆ ಎಂದು ಯಾರೋ ಹೇಳಿದ ದಿನ ಎದ್ದು ಕೂತು, "ನನಗದು ಬೇಕು" ಎಂದಳು. ಮಗಳು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಆವತ್ತೇ. ಇಲ್ಲ ಎನ್ನುವ ಧೈರ್ಯ ಮಿಗ್ದಾಲಿಯಾಗೆ ಬರಲಿಲ್ಲ. ಹೂಂ ಎನ್ನುವುದಕ್ಕೂ ಧೈರ್ಯವಿರಲಿಲ್ಲ, ಆದರೂ ಹೂಂ ಎಂದಳು.

ಆ ದ್ವೀಪದಲ್ಲಿ ಆಗ ಕಂಪ್ಯೂಟರನ್ನು ಅಂಗಡಿಯಿಂದ ಮಾಮೂಲಿ ಜನ ಕೊಳ್ಳುವಂತಿರಲಿಲ್ಲ. ಹಿಂಬಾಗಿಲಿನಿಂದ ಬಿಡಿಬಿಡಿಯಾಗಿ ಬಂದದ್ದಕ್ಕೆ ರಸೀದಿ ಇರುತ್ತಿರಲಿಲ್ಲ. ರಸೀದಿ ಇಲ್ಲದ ವಸ್ತು ಸಿಕ್ಕಿಬಿದ್ದರೆ ವಸ್ತುವೂ ಹೋಯಿತು, ಮಿಗ್ದಾಲಿಯಾಳ ಮೇಷ್ಟರಿಕೆಯೂ ಹೋಯಿತು. ಸಿಕ್ಕಿಬೀಳುವುದಕ್ಕೆ ದೂರವೇನೂ ಹೋಗಬೇಕಿರಲಿಲ್ಲ. ಮತಾನ್ಸಾಸ್ ಊರಿನಲ್ಲಿ ಇವರಿದ್ದ ಹಳೇ ಬಂಗಲೆಯನ್ನು ಹಲಗೆ ಹೊಡೆದು ಏಳು ಸಂಸಾರಕ್ಕೆ ಹಂಚಿದ್ದರು. ಇವರ ಹಲಗೆಯ ಆಚೆಗೆ ಇದ್ದವಳು ಬೀದಿ ಸಮಿತಿಯ ಅಧ್ಯಕ್ಷೆ ಸೊರಾಯ್ದಾ. ಆಚೆ ಅವಳು ಸೀನಿದರೆ ಈಚೆ ಇವರು ದೇವರ ಹೆಸರೆತ್ತಿ "ಹೇಸೂಸ್" ಎಂದು ಹರಸುತ್ತಿದ್ದರು. ಯಾರ ಮನೆಗೆ ಯಾರು ಬಂದರು, ಏನು ಹೊತ್ತು ಬಂದರು ಎಂದು ನೋಡಿ ಮೇಲಿನವರಿಗೆ ತಿಳಿಸುವುದೇ ಅವಳ ಹುದ್ದೆ.

ಹೀಗಾಗಿ ಮಿಗ್ದಾಲಿಯಾ ಕಂಪ್ಯೂಟರ್ ಆರಿಸಿದ ರೀತಿಯನ್ನು ಕೇಳಿದರೆ ನೀವು ನಗುತ್ತೀರಿ. ಎಷ್ಟು ವೇಗ, ಎಷ್ಟು ಮೆಮೊರಿ ಎಂದು ಅವಳು ಕೇಳಲೇ ಇಲ್ಲ. "ಇದು ಸದ್ದು ಮಾಡತ್ತಾ? ಕತ್ತಲಲ್ಲಿ ಮಿಣುಕತ್ತಾ? ಬಿಸಿಯಾದ್ರೆ ವಾಸನೆ ಬರತ್ತಾ?" ಎಂದು ಒಂದೊಂದು ಬಿಡಿಭಾಗಕ್ಕೂ ಕೇಳಿದಳು. ಹೊರಗೆ ಕೆಂಪು ದೀಪ ಉರಿಯುವ ಪೆಟ್ಟಿಗೆ ಬೇಡವೆಂದಳು. ಗೊರಕೆ ಹೊಡೆಯುವ ಫ್ಯಾನನ್ನು ವಾಪಸ್ಸು ಕಳಿಸಿದಳು. ಪರದೆ ಬಿಟ್ಟಿದ್ದರಿಂದ ಉಳಿದ ದುಡ್ಡನ್ನು ಯುಸಿಮಿ ಮೆಮೊರಿಗೂ ಒಳ್ಳೆಯ ಸೌಂಡ್ ಕಾರ್ಡಿಗೂ ಹಾಕಿಸಿದಳು. ಪೂರ್ವದ ನಿಕೆಲ್ ಗಣಿಯಲ್ಲಿ ಬೆಸುಗೆ ಕೆಲಸದಲ್ಲಿದ್ದ ಅವಳಪ್ಪ ಓರೆಸ್ತೆಸ್ ಫೋನಿನಲ್ಲಿ, "ಪರದೆ ಇದ್ದಿದ್ರೆ ನಾನು ಬಂದಾಗ ಒಂದು ಸಿನಿಮಾ ನೋಡ್ತಿದ್ದೆ" ಎಂದು ಗೊಣಗಿದ.

"ಏನು? ಯಾವ ಪರದೆ? ಕಿಟಕಿ ಪರದೇನಾ? ಹೂಂ, ಹೊಲಿಸ್ತೀನಿ ಬಿಡಿ" ಎಂದು ಮಿಗ್ದಾಲಿಯಾ ಫೋನಿಟ್ಟಳು. ಫೋನಿದ್ದದ್ದು ಸೊರಾಯ್ದಾಳ ಮನೆಯಲ್ಲಿ.

ಪೆಟ್ಟಿಗೆ ಒಗೆಯುವ ಬಟ್ಟೆಗಳ ಬಕೆಟ್ಟಿನಲ್ಲಿ ಬಂತು. ಬೋರ್ಡು ಕೆಸವಿನ ಗೆಡ್ಡೆಗಳ ಅಡಿಯಲ್ಲಿ ಬಂತು. ಕೀಲಿಮಣೆಯನ್ನು ಎರಿಬೆರ್ತೊ ಕೇಕಿನ ಡಬ್ಬಿಯಲ್ಲಿ ತಂದಾಗ ಮಿಗ್ದಾಲಿಯಾಳ ಜೀವ ಬಾಯಿಗೆ ಬಂತು. "ಈ ಊರಲ್ಲಿ ಕೇಕನ್ನ ಮುಚ್ಚಿಕೊಂಡು ಯಾರಯ್ಯಾ ತರ್ತಾರೆ? ಎಲ್ಲರೂ ಅಂಗೈ ಮೇಲೆ ಮೆರವಣಿಗೆ ಮಾಡ್ಕೊಂಡು ಬರ್ತಾರೆ!" ಎಂದು ಬೈದಳು. ಹೊಲಿಗೆ ಮೇಜಿನ ಕೆಳಗೆ ಎಲ್ಲವನ್ನೂ ಜೋಡಿಸಿ, ನೆಲ ಮುಟ್ಟುವಂತೆ ಹೂವಿನ ಬಟ್ಟೆ ಹೊದಿಸಿದರು.

ಉಳಿದದ್ದು ದನಿ. ಎರಿಬೆರ್ತೊ ತಂದ ಡಿಸ್ಕಿನಲ್ಲಿ ಓದುವ ತಂತ್ರಾಂಶಕ್ಕೆ ಎರಡು ದನಿಗಳಿದ್ದವು. ಒಂದು ಮೆಕ್ಸಿಕೋದ ಹೆಂಗಸಿನದು, ಜೇನಿನಂಥದು. ಯುಸಿಮಿಗೆ ಅದೇ ಇಷ್ಟವಾಯಿತು.

"ಬೇಡವೇ ಬೇಡ" ಎಂದಳು ತಾಯಿ. "ಮೆಕ್ಸಿಕೋ ಹೆಂಗಸು ದಿನಾ ಮಾತಾಡಿದ್ರೆ ಏನಂದ್ಕೋತಾರೆ? ಇವರು ಕದ್ದು ಆಂಟೆನಾ ಹಾಕಿಸ್ಕೊಂಡು ಹೊರದೇಶದ ಧಾರಾವಾಹಿ ನೋಡ್ತಿದಾರೆ ಅಂತ. ಹಿಂದಿನ ಬೀದಿಯವರ ಮನೆ ಚಾವಣಿ ಹತ್ತಿ ಹುಡುಕಿದ್ದು ಮರೆತ್ಯಾ?"

ಇನ್ನೊಂದು ಸ್ಪೇನಿನ ಗಂಡಸಿನದು. ಗಂಟಲು ಗಡಸು, ನಾಲಿಗೆಯನ್ನು ಹಲ್ಲಿಗೆ ತಾಗಿಸಿ ಸಕಾರ ನುಡಿಯುವವನು. ಗಂಡಸಿನ ದನಿಯಾದರೆ ರೇಡಿಯೋ ಸುದ್ದಿ ಎಂದುಕೊಳ್ಳುತ್ತಾರೆ ಎಂದು ಮಿಗ್ದಾಲಿಯಾ ಲೆಕ್ಕ ಹಾಕಿದಳು. ಹೆದರಿದವರ ಬುದ್ಧಿ ಹೀಗೆಯೇ. ಹಿಂದೆ ಹುಲಿಯಿದೆಯೆಂದು ಓಡುತ್ತಾರೆ, ಮುಂದೆ ಬಾವಿಯಿರುವುದನ್ನು ನೋಡುವುದಿಲ್ಲ.

ಇಯರ್‌ಫೋನ್ ಹಾಕಿಕೋ ಎಂದು ಅಂಗಲಾಚಿದಳು. "ಕಣ್ಣು ಮುಚ್ಚಿದೆ. ಕಿವೀನೂ ಮುಚ್ಚಿಕೊಂಡ್ರೆ ನಾನೆಲ್ಲಿರ್ಲಮ್ಮಾ?" ಎಂದು ಯುಸಿಮಿ ಕೇಳಿದ ಮೇಲೆ ಮತ್ತೆ ಆ ಮಾತೆತ್ತಲಿಲ್ಲ.

ಸ್ಪೇನಿನವರಿಗೆಲ್ಲ ಅಲ್ಲಿ ಗಾಯೆಗೊ ಎಂದೇ ಹೆಸರು. ಇವನಿಗೂ ಅದೇ ಆಯಿತು. ಗಾಯೆಗೊ ಪಾಠ ಓದಿದ, ಕಾದಂಬರಿ ಓದಿದ, ಯುಸಿಮಿ ತಾನೇ ಬರೆದ ಪೋಲಿ ಪದ್ಯಗಳನ್ನು ಪಾದ್ರಿಯ ಗಾಂಭೀರ್ಯದಲ್ಲಿ ಓದಿದ. ಹುಡುಗಿ ಹೊಟ್ಟೆ ಹಿಡಿದು ನಕ್ಕಳು. ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆಯುತ್ತೇನೆ ಎಂದಳು. ಮಗಳ ನಗುವಿನಿಂದ ಮಿಗ್ದಾಲಿಯಾಳ ಹೊಟ್ಟೆ ತಣ್ಣಗಾಗುತ್ತಿತ್ತು. ಹಲಗೆಯ ಆಚೆ ಕುರ್ಚಿ ಸರಿದರೆ ಮಾತ್ರ, "ಸಾಕು ಕಣೇ, ಗಾಯೆಗೊನ ಮಲಗಿಸು, ನನಗೂ ನಿದ್ದೆ ಬರ್ತಿದೆ" ಎನ್ನುತ್ತಿದ್ದಳು.

ಒಂದು ಬೆಳಗ್ಗೆ ತಲೆಗೊಂದರಂತೆ ಬನ್ನು ಕೊಡುವ ಸಾಲಿನಲ್ಲಿ ಸೊರಾಯ್ದಾ ಹಿಂದೆ ಬಂದು ನಿಂತಳು.

"ಏನ್ ಮಿಗ್ದಾ, ಎರಡು ಬನ್ನು ಸಾಕಾಗತ್ತಾ ಈಗೀಗ?"

"ಸಾಕಾಗತ್ತೆ ಸೊರಾಯ್ದಕ್ಕಾ. ಇಬ್ಬರೇ ಅಲ್ವಾ ಇರೋದು."

"ಹೌದಾ? ಇಬ್ಬರೇನಾ? ಓರೆಸ್ತೆಸ್ ಯಾವಾಗ ಬರ್ತಾನೆ?"

"ಮುಂದಿನ ತಿಂಗಳು."

"ಪಾಪ, ಒಳ್ಳೆ ಮನುಷ್ಯ" ಎಂದು ಸೊರಾಯ್ದಾ ಹಲ್ಲಿನ ಸಂದಿಯಲ್ಲಿ ಹೇಳಿದಳು.

ಮಿಗ್ದಾಲಿಯಾಗೆ ಮಾತಿನ ತುದಿಬುಡ ಗೊತ್ತಾಗಲಿಲ್ಲ. ಕಂಪ್ಯೂಟರಿನ ಸುಳಿವು ಸಿಕ್ಕಿದೆ ಎಂಬುದಷ್ಟೇ ತಲೆಗೆ ಹೋಯಿತು. ಬನ್ನನ್ನು ಕೈಯಲ್ಲೇ ಹಿಸುಕಿ ಮನೆಗೆ ತಂದಳು.

ಶನಿವಾರ ಮಧ್ಯಾಹ್ನ ಬಾಗಿಲು ಬಡಿಯಿತು. ಸೊರಾಯ್ದಾ, ಅವಳ ಜೊತೆಗೊಬ್ಬ ತಪಾಸಣೆಯವನು. ಯುಸಿಮಿಗೆ ದನಿ ಅಡಗಿಸುವಷ್ಟೇ ಹೊತ್ತು ಸಿಕ್ಕಿತು, ಯಂತ್ರ ಆರಿಸಲಾಗಲಿಲ್ಲ. ಕೀಲಿಮಣೆಯನ್ನು ತೊಡೆಯ ಮೇಲೆ, ಬಟ್ಟೆಯ ಅಡಿಗೆ ಎಳೆದುಕೊಂಡು ಕೂತಳು.

ಬಂದವನು ಹೊಲಿಗೆ ಮೇಜನ್ನು ನೋಡಲೇ ಇಲ್ಲ. ಬೀರು ತೆರೆದ. ಮಂಚದ ಕೆಳಗೆ ಬಗ್ಗಿದ. ಬಚ್ಚಲ ಪರದೆ ಸರಿಸಿದ. ಆಮೇಲೆ ಮಿಗ್ದಾಲಿಯಾಳ ಎದುರು ನಿಂತ.

"ಆ ಸ್ಪೇನಿನವನು ಎಲ್ಲಿ?"

"ಯಾ... ಯಾರು?"

"ನಾಟಕ ಬೇಡ ಮಿಗ್ದಾ" ಎಂದಳು ಸೊರಾಯ್ದಾ. "ಎರಡು ತಿಂಗಳಿಂದ ಕೇಳ್ತಿದೀನಿ. ಮಲಗಿಸು ಅಂತೀಯ, ಬಾಯಿ ಮುಚ್ಚಿಸು ಅಂತೀಯ. ನಿನ್ನ ಕುರುಡು ಮಗಳ ಮುಂದೆ!"

ಆಗ ಮಿಗ್ದಾಲಿಯಾಗೆ ಎಲ್ಲ ಒಂದೇ ಸಲ ಅರ್ಥವಾಯಿತು. ಪರವಾನಗಿ ಇಲ್ಲದೆ ಹೊರದೇಶದವನಿಗೆ ಕೋಣೆ ಬಾಡಿಗೆಗೆ ಕೊಟ್ಟರೆ ಮನೆಯನ್ನೇ ಕಿತ್ತುಕೊಳ್ಳಬಹುದು. ನಿಜ ಹೇಳಿದರೆ ಮನೆ ಉಳಿಯುತ್ತದೆ, ಮೇಜಿನ ಕೆಳಗಿನದು ಈಗಲೇ ಹೋಗುತ್ತದೆ, ಮಗಳು ಮತ್ತೆ ಗೋಡೆಯ ಕಡೆ ಹೊರಳುತ್ತಾಳೆ. ಆ ಬೆನ್ನನ್ನು ಮತ್ತೊಮ್ಮೆ ನೋಡಲಾರೆ ಎನಿಸಿತು ಅವಳಿಗೆ. ಬಾಡಿಗೆಯವನಾದರೆ ತಾನೇ ಮನೆ ಹೋಗುವುದು?

"ಬಾಡಿಗೆಗಲ್ಲ" ಎಂದಳು. "ಅವನು... ನನಗೆ ಬೇಕಾದವನು. ಬರ್ತಿದ್ದ. ಈಗ ಹೋದ. ಇನ್ನು ಬರಲ್ಲ."

ಸೊರಾಯ್ದಾ ಶಿಲುಬೆಯ ಗುರುತು ಹಾಕಿಕೊಂಡಳು. ತಪಾಸಣೆಯವನು ಪೆನ್ನು ತೆಗೆದು, "ಹೆಸರು?" ಎಂದ.

ಬಟ್ಟೆಯ ಅಡಿಯಲ್ಲಿ ಟಕಟಕ ಸದ್ದಾಯಿತು. ಮಿಗ್ದಾಲಿಯಾ ಬೇಡ ಎಂಬಂತೆ ತಲೆಯಾಡಿಸಿದಳು, ಕಣ್ಣು ಕಾಣದ ಮಗಳಿಗೆ. ಮೇಜಿನ ಕೆಳಗಿನಿಂದ ಗಡಸು ಗಂಡಸಿನ ದನಿ ಗಟ್ಟಿಯಾಗಿ ನುಡಿಯಿತು:

"ನನ್ನ ತಾಯಿ ಸುಳ್ಳು ಹೇಳುತ್ತಿದ್ದಾಳೆ. ಈ ಮನೆಗೆ ಯಾವ ಗಂಡಸೂ ಬಂದಿಲ್ಲ. ಇದು ನಾನು, ಯುಸಿಮಿ. ನಾನು ಬರೆದದ್ದನ್ನು ಈ ಯಂತ್ರ ಓದುತ್ತದೆ."

ತಪಾಸಣೆಯವನು ಬಟ್ಟೆ ಎತ್ತಿದ. ಬಹಳ ಹೊತ್ತು ಬಗ್ಗಿಯೇ ಇದ್ದ.

"ರಸೀದಿ?"

"ಇಲ್ಲ" ಎಂದಳು ಯುಸಿಮಿ, ತನ್ನದೇ ದನಿಯಲ್ಲಿ.

ಅವನು ಪೆನ್ನನ್ನು ಜೇಬಿಗೆ ಸಿಕ್ಕಿಸಿದ. "ನನ್ನನ್ನ ಕಳಿಸಿದ್ದು ಮನುಷ್ಯನ್ನ ಹುಡುಕೋಕೆ. ಮನುಷ್ಯ ಇಲ್ಲ. ಪೆಟ್ಟಿಗೆ ನನ್ನ ವಿಭಾಗಕ್ಕೆ ಬರಲ್ಲ. ಅದರ ವರದಿ ಕೊಡಬೇಕಾದೋರು ಸಮಿತಿ ಅಧ್ಯಕ್ಷರು" ಎಂದು ಸೊರಾಯ್ದಾಳ ಕಡೆ ನೋಡಿ ಹೊರಟುಹೋದ.

ಸೊರಾಯ್ದಾ ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು. ಮಿಗ್ದಾಲಿಯಾ ನಿಂತೇ ಇದ್ದಳು, ತನ್ನ ಮನೆಯಲ್ಲಿ ತಾನೇ ಅಪರಾಧಿಯ ಹಾಗೆ.

"ಈ ಹುಡುಗಿಗೆ ಜ್ವರ ಬಂದಾಗ ಆಸ್ಪತ್ರೆವರೆಗೂ ಹೊತ್ಕೊಂಡು ಓಡಿದ್ದು ಯಾರು ಮಿಗ್ದಾ?"

"ನೀವು ಸೊರಾಯ್ದಕ್ಕ."

"ಹಾದರಗಿತ್ತಿ ಅನ್ನಿಸ್ಕೊಳ್ಳೋದು ಮೇಲು, ನನಗೊಂದು ಮಾತು ಹೇಳೋದು ಬೇಡ ಅನ್ನಿಸ್ತಲ್ಲ ನಿನಗೆ?"

ಮಿಗ್ದಾಲಿಯಾ ನೆಲ ನೋಡಿದಳು.

ಸೊರಾಯ್ದಾ ಹುಡುಗಿಯ ಕಡೆ ತಿರುಗಿದಳು. "ನಿನಗೂ ಭಯಾನಾ ಮಗಳೇ, ನನ್ನ ಕಂಡ್ರೆ?"

"ಹೌದು ದೊಡ್ಡಮ್ಮ" ಎಂದಳು ಯುಸಿಮಿ. "ಮೊಗಸಾಲೆಯಲ್ಲಿ ನಿಮ್ಮ ಚಪ್ಪಲಿ ಸದ್ದು ಬಂದ್ರೆ, ಅದು ದಾಟಿ ಹೋಗೋವರೆಗೂ ನಾನು ಉಸಿರಾಡಲ್ಲ."

ಸೊರಾಯ್ದಾ ಬಗ್ಗಿ ಎರಡೂ ಚಪ್ಪಲಿ ಕಳಚಿ ಕೈಗೆತ್ತಿಕೊಂಡಳು. ಬರಿಗಾಲಲ್ಲಿ ನಡೆದು ಬಾಗಿಲು ದಾಟಿದಳು. ವರದಿ ಕೊಡುತ್ತೇನೆ ಎನ್ನಲಿಲ್ಲ, ಕೊಡುವುದಿಲ್ಲ ಎನ್ನಲಿಲ್ಲ.

ತಾಯಿ ಮಗಳು ಕಿವಿಗೊಟ್ಟು ನಿಂತರು. ಮೊಗಸಾಲೆಯಲ್ಲಿ ಯಾವ ಸದ್ದೂ ಇರಲಿಲ್ಲ. ಅವಳು ತನ್ನ ಮನೆಗೆ ಹೋದಳೋ, ಬೀದಿಗಿಳಿದಳೋ, ಇನ್ನೂ ಬಾಗಿಲಾಚೆಯೇ ನಿಂತಿದ್ದಾಳೋ ಇಬ್ಬರಿಗೂ ಗೊತ್ತಾಗಲಿಲ್ಲ.

"ಹೋದ್ರಾಮ್ಮಾ?" ಎಂದು ಯುಸಿಮಿ ಪಿಸುಗುಟ್ಟಿದಳು.

ಮಿಗ್ದಾಲಿಯಾ ಮಗಳ ಕೈ ಹಿಡಿದುಕೊಂಡಳು. ಬಾಗಿಲು ತೆರೆದು ನೋಡಲು ಅವಳಿಗೆ ಧೈರ್ಯವಾಗಲಿಲ್ಲ.