ತಮ್ಮನಿಗೆ ಕೊಡದ ಬನ್ನು

ಹ್ಯಾನ್‌ಕಾಕ್ ಊರಿನ ಐಲಿ ಕೊಸ್ಕಿಯ ಬೇಕರಿಯಲ್ಲಿ ಏಲಕ್ಕಿ ಬ್ರೆಡ್ಡಿನ ಘಮ ತುಂಬಿತ್ತು. ಅವಳ ತಮ್ಮ ಆರ್ವೋ ಕೋಲೂರಿಕೊಂಡು ಬಂದು ಗಾಜಿನ ಪೆಟ್ಟಿಗೆಯತ್ತ ಕೈ ತೋರಿಸಿದ.

"ಒಂದೇ ಒಂದು ಬನ್ನು ಕೊಡೇ ಐಲಿ."

"ಕೊಡಲ್ಲ ಅಂದ್ರೆ ಕೊಡಲ್ಲ! ದಿನಾ ಬಂದು ಕೈಚಾಚೋಕೆ ನಾಚಿಕೆ ಆಗಲ್ವಾ? ನಡಿ ಆಚೆ!"

ಆರ್ವೋಗೆ ಸಕ್ಕರೆ ಕಾಯಿಲೆ. ಕಳೆದ ಚಳಿಗಾಲದಲ್ಲಿ ಅವನ ಕಾಲ್ಬೆರಳುಗಳನ್ನು ಕತ್ತರಿಸಿ ತೆಗೆದಿದ್ದರು. ದಿನವೂ ಹೀಗೆ ಬೈಸಿಕೊಂಡು, ನಕ್ಕು, ಸಕ್ಕರೆಯಿಲ್ಲದ ಕಾಫಿ ಕುಡಿದು ಹೋಗುತ್ತಿದ್ದ. ಊರಿಗೆಲ್ಲ ಗೊತ್ತಿದ್ದ ಈ ಸಂಗತಿ ಮೂಲೆಯಲ್ಲಿ ಕೂತಿದ್ದ ಪ್ರವಾಸಿ ಹೆಂಗಸಿಗೆ ಗೊತ್ತಿರಲಿಲ್ಲ. ಅವಳ ಕಣ್ಣಿಗೆ ಬಿದ್ದದ್ದು ಹಳೇ ಕೋಟಿನ ಹಸಿದ ಮುದುಕ, ಅವನನ್ನು ಅಟ್ಟುತ್ತಿರುವ ಅಂಗಡಿಯವಳು. ಅಷ್ಟನ್ನೇ ಫೋನಿನಲ್ಲಿ ಹಿಡಿದು ಜಾಲತಾಣಕ್ಕೆ ಹಾಕಿದಳು.

ಮರುದಿನದ ಹೊತ್ತಿಗೆ ಲಕ್ಷಗಟ್ಟಲೆ ಜನ ಅದನ್ನು ನೋಡಿದ್ದರು. ಬೇಕರಿಯ ಫೋನು ಬಿಡುವಿಲ್ಲದೆ ಬಡಿದುಕೊಂಡಿತು, ಎತ್ತಿದರೆ ಬೈಗುಳ. ಆ ಊರಿಗೆ ಎಂದೂ ಕಾಲಿಡದವರು 'ಇಲ್ಲಿನ ಬ್ರೆಡ್ಡಿನಲ್ಲಿ ಹುಳ' ಎಂದು ಬರೆದು ಬೇಕರಿಗೆ ಐದರಲ್ಲಿ ಒಂದೊಂದೇ ನಕ್ಷತ್ರ ಕೊಟ್ಟರು. ದಿನವೂ ಬ್ರೆಡ್ ಒಯ್ಯುತ್ತಿದ್ದ ಹೋಟೆಲಿನವರು ಇನ್ನು ಬೇಡವೆಂದರು.

ಆರ್ವೋ ಕಂಗಾಲಾದ. ಪಕ್ಕದ ಮನೆಯವರಿಂದ ತಾನೂ ಒಂದು ವಿಡಿಯೊ ಮಾಡಿಸಿದ. "ನಾನು ಭಿಕ್ಷೆ ಬೇಡೋನಲ್ಲ ಕಣ್ರಪ್ಪಾ. ಅವಳು ನನ್ನ ಅಕ್ಕ. ನನ್ನ ಕಾಲು ಉಳೀಲಿ ಅಂತ ಬೈತಾಳೆ," ಎಂದು ಕಾಲುಚೀಲ ಕಳಚಿ ತೋರಿಸಿದ. ಅದನ್ನು ನೋಡಿದವರು ಹೆಚ್ಚಾಗಿ ಊರಿನವರೇ. ಹೊರಗಿನವನೊಬ್ಬ ಕೆಳಗೆ ಬರೆದಿದ್ದ: 'ಹೀಗೆ ಹೇಳೋಕೆ ಎಷ್ಟು ಕೊಟ್ಟಳು ತಾತ?'

ಕೆಲ ತಿಂಗಳಲ್ಲಿ ಗದ್ದಲ ತಣ್ಣಗಾಯಿತು. ಗಿರಾಕಿಗಳಲ್ಲಿ ಅರ್ಧದಷ್ಟು ಮಂದಿ ಮರಳಿದರು. ಆದರೆ ಐಲಿ ಮೊದಲಿನ ಐಲಿಯಾಗಿ ಉಳಿದಿರಲಿಲ್ಲ. ಹಣ ಕೊಡಲು ಯಾರಾದರೂ ಫೋನು ತೆಗೆದರೂ ಅವಳ ದನಿ ತಗ್ಗುತ್ತಿತ್ತು.

ಒಂದು ಶನಿವಾರ ಅಂಗಡಿ ತುಂಬಿದ್ದಾಗ ಆರ್ವೋ ಬಂದು ಎಂದಿನಂತೆ ಬನ್ನು ಕೇಳಿದ. ಐಲಿ ಸುತ್ತ ಕಣ್ಣಾಡಿಸಿದಳು. ಬನ್ನನ್ನು ತಟ್ಟೆಯಲ್ಲಿಟ್ಟು, ನಕ್ಕು, ಮುಂದೆ ಸರಿಸಿದಳು.

ಆರ್ವೋ ತಟ್ಟೆಯನ್ನೂ ಅವಳ ಮುಖವನ್ನೂ ನೋಡಿದ. "ಬೈಯೇ," ಎಂದ ಮೆಲ್ಲಗೆ.

"ಎಲ್ಲಾ ನೋಡ್ತಿದಾರೆ ಕಣೋ."

ಅವನು ಬನ್ನನ್ನು ಮುಟ್ಟಲಿಲ್ಲ. ಕಾಫಿಯನ್ನೂ ಕುಡಿಯದೆ ಹೊರಟ. ಐಲಿ ಏಪ್ರನ್ನಿನಲ್ಲೇ ಓಡಿಹೋಗಿ ಬೀದಿಯ ತಿರುವಿನಲ್ಲಿ ಅವನ ತೋಳು ಹಿಡಿದಳು. ಅವಳ ಕಣ್ಣು ತುಂಬಿತ್ತು.

"ನಾಳೆಯಿಂದ ಹಿಂದಿನ ಬಾಗಿಲಿಂದ ಬಾರೋ. ಒಲೆ ಹತ್ರ ಕೂತ್ಕೋ. ಅಲ್ಲಿ ಬೈತೀನಿ."

ಆರ್ವೋ ತಲೆಯಾಡಿಸಿದ. ಅಂದಿನಿಂದ ಅಕ್ಕ ತಮ್ಮನನ್ನು ಬೈಯುವುದು ಹಿಟ್ಟಿನ ಮೂಟೆಗಳ ನಡುವೆ, ಬಾಗಿಲು ಹಾಕಿಕೊಂಡು.